ಅಪ್ಪನ ರೋಡ್‌ಕಿಂಗ್: ಸ್ಟಾರ್ಟ್ ಆಯ್ತು, ಆದ್ರೆ ಓಡ್ತಿಲ್ಲ

ಅಕ್ಟೋಬರ್ 11, 2024. ಆಯುಧ ಪೂಜೆ

ಕೊಟ್ಟಿಗೆ ಮೂಲೆಯ ಯೆಜ್ಡಿ ರೋಡ್‌ಕಿಂಗ್ ಬೈಕಿಗೆ ಇವತ್ತು ಹದಿನೈದನೇ ಪೂಜೆ. ಓಡುತ್ತಿದ್ದ ಕಾಲದ್ದು ಬಿಟ್ಟು, ನಿಂತ ಮೇಲಿನ ಲೆಕ್ಕ ಮಾತ್ರ. 2010ರ ಮಳೆಗಾಲದಲ್ಲಿ ಅಪ್ಪನಿಗೆ ಮೊಣಕಾಲು ನೋವು ಜಾಸ್ತಿಯಾಯಿತು. ಕಿಕ್ ಹೊಡೆಯಲು ಆಗಲಿಲ್ಲ. ‘ಮಳೆ ಮುಗೀಲಿ, ನೋಡೋಣ’ ಅಂತ ಒಳಗೆ ನಿಲ್ಲಿಸಿದರು. ಅಷ್ಟರಲ್ಲಿ ಮನೆಗೆ ಸ್ಕೂಟರ್ ಬಂತು. ತೀರ್ಥಹಳ್ಳಿ ಕಡೆಯ ಮಳೆಯನ್ನು ನಂಬಿ ನಿಲ್ಲಿಸಿದ ಗಾಡಿ ಮತ್ತೆ ಹೊರಗೆ ಬರುತ್ತದಾ?

ಅಮ್ಮ ಮಾತ್ರ ಒಂದು ವರ್ಷವೂ ತಪ್ಪಿಸಿಲ್ಲ. ತೊಳೆದು, ಗಂಧ ಕುಂಕುಮ ಇಟ್ಟು, ಸೇವಂತಿಗೆ ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತಾರೆ. ಆ ನಿಂಬೆಹಣ್ಣು ಇಷ್ಟು ವರ್ಷ ಒಮ್ಮೆಯೂ ಅಪ್ಪಚ್ಚಿಯಾಗಿಲ್ಲ.

ಈ ಸಲ ಹಾರ ಬಾಡುವ ಮೊದಲೇ ಬಿಚ್ಚಲು ಕೂತೆ. 1984ರ ಮಾದರಿ. ಎರಡು ಸೈಲೆನ್ಸರ್, 250 ಸಿಸಿ, ಟೂ ಸ್ಟ್ರೋಕ್, ಪಾಯಿಂಟ್ (ತೆರೆದು ಮುಚ್ಚಿ ಕಿಡಿ ಬರಿಸುವ ಸಣ್ಣ ಸ್ವಿಚ್) ಇರುವ ಹಳೇ ಇಗ್ನಿಷನ್. ಇದನ್ನು ಮಾಡಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಜಾವಾ ಬೈಕು ಮಾಡಲು ಶುರುಮಾಡಿ 1996ರಲ್ಲಿ ಬಾಗಿಲು ಹಾಕಿತು. ಹಾಗಾಗಿ ಬಿಡಿಭಾಗ ಅಂದರೆ ಯಾರೋ ಕಟ್ಟಿಟ್ಟಿರುವ ಹಳೇ ಸ್ಟಾಕ್, ಇಲ್ಲವೇ ಅದರ ನಕಲು. ಎರಡನೆಯದೇ ಜಾಸ್ತಿ.

ಕಿಕ್ಕರ್ ಒತ್ತಿದರೆ ಗೋಡೆಗೆ ಒತ್ತಿದ ಹಾಗೆ. ಪಿಸ್ಟನ್ ಸಿಲಿಂಡರಿಗೆ ಕಚ್ಚಿ ಹಿಡಿದಿದೆ. ಪ್ಲಗ್ ಬಿಚ್ಚಿ, ತೂತಿನಲ್ಲಿ ಅರ್ಧ ಲೋಟ ಡೀಸೆಲ್ಲಿಗೆ ಟೂಟಿ ಆಯಿಲ್ (ಟೂ ಸ್ಟ್ರೋಕ್ ಗಾಡಿಗೆ ಪೆಟ್ರೋಲಿನ ಜೊತೆ ಹಾಕುವ ಎಣ್ಣೆ) ಬೆರೆಸಿ ಸುರಿದು, ಬಟ್ಟೆ ತುರುಕಿ ಬೆಂಗಳೂರು ಬಸ್ಸು ಹತ್ತಿದೆ.

ನವೆಂಬರ್ 1. ದೀಪಾವಳಿ ರಜೆ

ಡೀಸೆಲ್ ಪೂರ್ತಿ ಕೆಳಗಿಳಿದಿದೆ. ಒಳ್ಳೆಯ ಲಕ್ಷಣ. ಕಿಕ್ಕರ್ ಮೇಲೆ ಹತ್ತಿ ಕುಣಿಯೋಣ ಅನ್ನಿಸಿತು, ಆದರೆ ಟೂ ಸ್ಟ್ರೋಕ್‌ನಲ್ಲಿ ಅದು ಬೇಡ. ತುಕ್ಕು ಹಿಡಿದ ರಿಂಗು ಸಿಲಿಂಡರ್ ಗೋಡೆಯ ಪೋರ್ಟ್ (ಕಿಟಕಿಯಂಥ ತೂತು) ಅಂಚಿಗೆ ಸಿಕ್ಕಿ ಮುರಿದರೆ ಕಥೆ ಮುಗಿಯಿತು. ಟಾಪ್ ಗೇರಿಗೆ ಹಾಕಿ, ಹಿಂದಿನ ಚಕ್ರ ಹಿಡಿದು ಹಿಂದೆ ಮುಂದೆ ಅಲ್ಲಾಡಿಸುತ್ತಾ ಕೂತೆ. ಮಗುವಿನ ತೊಟ್ಟಿಲು ತೂಗಿದ ಹಾಗೆ, ಮುಕ್ಕಾಲು ಗಂಟೆ. ‘ಕಿರ್’ ಅಂತ ಒಂದು ಸದ್ದು ಬಂತು. ಆಮೇಲೆ ಬೆರಳಗಲ ತಿರುಗಿತು, ಆಮೇಲೆ ಪೂರ್ತಿ.

ಎಡಗಡೆ ಸೈಲೆನ್ಸರಿನೊಳಗೆ ಇಲಿ ಸಂಸಾರ ಮಾಡಿತ್ತು. ಅಡಿಕೆ ಸಿಪ್ಪೆ, ಹತ್ತಿ, ಯಾವುದೋ ಮದುವೆ ಕಾಗದದ ಚೂರು. ಏರ್ ಫಿಲ್ಟರ್ ಪೆಟ್ಟಿಗೆಯಲ್ಲಿ ಕುಂಬಾರ ಹುಳದ ಮಣ್ಣಿನ ಗೂಡು. ಫೋಟೋ ತೆಗೆದು ಎಲ್ಲ ಕೆರೆದು ಹಾಕಿದೆ.

ಟ್ಯಾಂಕಿನ ಕಥೆ ದೊಡ್ಡದು. ಮುಚ್ಚಳ ತೆಗೆದರೆ ಪೆಟ್ರೋಲಿನ ವಾಸನೆಯೇ ಅಲ್ಲ, ವಾರ್ನಿಷ್ ವಾಸನೆ. ಒಳಗೆ ಟಾರ್ಚು ಬಿಟ್ಟರೆ ಕೆಮ್ಮಣ್ಣು ಗುಡ್ಡ. ಅಮ್ಮ ಬಂದು ಇಣುಕಿ, ‘ವಾಟೆಹುಳಿ ಹಾಕಿ ತಿಕ್ಕು, ತಾಮ್ರದ ಹಂಡೆ ಹ್ಯಾಂಗೆ ಆಗ್ತದೆ ನೋಡಿದ್ದೀಯಲ್ಲ’ ಅಂದರು. ತಮಾಷೆ ಅನ್ನಿಸಿದರೂ ವಿಷಯ ಅದೇ, ಹುಳಿಯೇ ಬೇಕು. ನಾನು ಅರ್ಧ ಕೆಜಿ ನಿಂಬೆ ಉಪ್ಪು ತಂದು ಬಿಸಿನೀರಿನಲ್ಲಿ ಕರಗಿಸಿ ಟ್ಯಾಂಕ್ ತುಂಬಿಸಿದೆ. ಒಂದು ಹಿಡಿ ನಟ್ಟುಗಳನ್ನೂ ಹಾಕಿ ಆಗಾಗ ಕುಲುಕಿದೆ. ಮಾರನೇ ದಿನ ಸುರಿದರೆ ಕಷಾಯದಂಥ ನೀರು. ಆಮೇಲೆ ಅಡುಗೆ ಸೋಡಾ ನೀರು, ಆಮೇಲೆ ಬರೀ ನೀರು.

ಇಲ್ಲೊಂದು ತಪ್ಪು ಮಾಡಿದೆ. ಬಿಸಿಲಿಗಿಟ್ಟು ಊಟಕ್ಕೆ ಹೋದೆ. ಬರುವಷ್ಟರಲ್ಲಿ ಒಳಗೆಲ್ಲ ಮತ್ತೆ ಕಿತ್ತಳೆ ಬಣ್ಣ. ಹುಳಿಯಲ್ಲಿ ಬೆತ್ತಲಾದ ಕಬ್ಬಿಣ ಗಾಳಿ ತಗುಲಿದ ಅರ್ಧ ಗಂಟೆಯಲ್ಲೇ ತುಕ್ಕು ಹಿಡಿಯುತ್ತದೆ. ಎರಡನೇ ಸಲ ತಂಗಿಯ ಹೇರ್ ಡ್ರೈಯರ್ ಕೇಳಿ ತಂದು ಕೂಡಲೇ ಒಣಗಿಸಿ, ಒಳಗೆ ಟೂಟಿ ಆಯಿಲ್ ಸುತ್ತಾಡಿಸಿದೆ. ಡ್ರೈಯರ್ ಈಗ ನನ್ನದೇ. ಅವಳಿಗೆ ಹೊಸದು ಕೊಡಿಸಬೇಕಂತೆ.

ನವೆಂಬರ್ 16

ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್ ಬಿಚ್ಚಿದೆ. ತಳದ ಬಟ್ಟಲಿನಲ್ಲಿ ಹಸಿರು ಅಂಟು. ಪೈಲಟ್ ಜೆಟ್, ಅಂದರೆ ಐಡ್ಲಿಂಗಿಗೆ (ನಿಂತಲ್ಲೇ ಇಂಜಿನ್ ಓಡಲು) ಪೆಟ್ರೋಲ್ ಬಿಡುವ ಸಣ್ಣ ತೂತು, ಪೂರ್ತಿ ಮುಚ್ಚಿತ್ತು. ಸೂಜಿ ಹಾಕಿದರೆ ತೂತು ದೊಡ್ಡದಾಗುತ್ತದೆ. ಕರೆಂಟ್ ವೈರಿನ ಒಂದೇ ಎಳೆ ತಾಮ್ರ ಬಿಡಿಸಿ ತೂರಿಸಿದೆ. ಬೆಳಕಿಗೆ ಹಿಡಿದಾಗ ಸಾಸಿವೆಗಿಂತ ಸಣ್ಣ ಚುಕ್ಕಿ ಕಾಣಿಸಿತಲ್ಲ, ಇಡೀ ದಿನದ ಸಂತೋಷ ಅದು.

ಈ ಮಾದರಿಗೆ ಬ್ಯಾಟರಿ ಇಲ್ಲದೆ ಕಿಡಿ ಬರುವುದಿಲ್ಲ. ಅದೂ 6 ವೋಲ್ಟ್. ಬೈಕ್ ಅಂಗಡಿಯಲ್ಲಿ ಕೇಳಿದರೆ ನಕ್ಕರು. ಕೊನೆಗೆ ಸಿಕ್ಕಿದ್ದು ತಕ್ಕಡಿ ರಿಪೇರಿ ಅಂಗಡಿಯಲ್ಲಿ. ದಿನಸಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಗೆ ಹಾಕುವ 6 ವೋಲ್ಟಿನ ಸೀಲ್ಡ್ ಬ್ಯಾಟರಿ. ಪಾಯಿಂಟಿಗೆ ಉಪ್ಪು ಕಾಗದ ಆಡಿಸಿ, ಗ್ಯಾಪ್ 0.4 ಮಿ.ಮೀ. ಆಸುಪಾಸಿಗೆ ತಂದೆ.

ಟ್ಯಾಂಕನ್ನು ಇನ್ನೂ ನಂಬಿರಲಿಲ್ಲ. ಡ್ರಿಪ್ಸ್ ಬಾಟಲಿಯಲ್ಲಿ ಪೆಟ್ರೋಲ್ ತುಂಬಿ ಹ್ಯಾಂಡಲಿಗೆ ಕಟ್ಟಿದೆ. ಲೀಟರಿಗೆ 40 ಎಂ.ಎಲ್. ಆಯಿಲ್, ಅಂದರೆ ಕೆಮ್ಮಿನ ಔಷಧದ ಮುಚ್ಚಳದಲ್ಲಿ ನಾಲ್ಕು. ಯೆಜ್ಡಿಯಲ್ಲಿ ಗೇರ್ ಲಿವರೇ ಕಿಕ್ಕರ್. ಒಳಗೆ ಒತ್ತಿ ಮೇಲೆ ತಿರುಗಿಸಬೇಕು. ಹನ್ನೊಂದನೇ ಕಿಕ್ಕಿಗೆ ‘ಡಬ್’. ಹದಿನಾಲ್ಕನೆಯದಕ್ಕೆ ಹಿಡಿಯಿತು.

ಹೊಗೆ ಅಂದರೆ ಹೊಗೆ! ಕೊಟ್ಟಿಗೆಯ ಹೆಂಚಿನ ಸಂದಿಯಿಂದೆಲ್ಲ ಬರುತ್ತಿತ್ತು. ನಾನು ಸುರಿದ ಡೀಸೆಲ್ಲೇ ಸುಡುತ್ತಿತ್ತು. ಅಪ್ಪ ಜಗಲಿಯಿಂದ ಎದ್ದು ಬಂದು ಬಾಗಿಲಲ್ಲಿ ನಿಂತರು. ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಕೇಳಿ, ‘ಐಡ್ಲಿಂಗ್ ಸರಿ ಇಲ್ಲ ಮಾರಾಯ’ ಅಂದು ವಾಪಸ್ ಹೋದರು.

ಆ ಖುಷಿಯಲ್ಲೇ ಕ್ಲಚ್ ಹಿಡಿದು ಫಸ್ಟ್ ಗೇರ್ ಹಾಕಿದೆ. ಹದಿನಾಲ್ಕು ವರ್ಷ ಹಳೇ ಆಯಿಲಿನಲ್ಲಿ ಕೂತ ಕ್ಲಚ್ ಪ್ಲೇಟುಗಳು ಒಂದಕ್ಕೊಂದು ಅಂಟಿಕೊಂಡಿವೆ ಅನ್ನುವುದು ನನಗೆ ಹೇಗೆ ಗೊತ್ತಾಗಬೇಕು? ಗಾಡಿ ನೆಗೆದು ಅಡಿಕೆ ತಟ್ಟಿಗೆ ಹೊಡೆದು ನಿಂತಿತು. ಎರಡು ತಟ್ಟಿ, ಒಂದು ಹೆಡ್‌ಲೈಟ್ ಗಾಜು, ನನ್ನ ಮಂಡಿ. ಪ್ಲೇಟುಗಳನ್ನು ಬಿಚ್ಚಿ ಬೇರೆ ಮಾಡಿ, ಗೇರ್ ಆಯಿಲ್ ಬದಲಾಯಿಸುವಷ್ಟರಲ್ಲಿ ಕತ್ತಲಾಯಿತು.

ಡಿಸೆಂಬರ್

ಟೈರು, ಟ್ಯೂಬು, ಕೇಬಲ್ಲು, ಬ್ರೇಕ್ ಶೂ ಎಲ್ಲ ಹೊಸದು. ಬರೆಯುವಂಥದ್ದೇನಿಲ್ಲ, ದುಡ್ಡು ಹೋಯಿತು ಅಷ್ಟೇ. ಆರ್‌ಸಿ ಅವಧಿ ಯಾವತ್ತೋ ಮುಗಿದಿತ್ತು. ಪಿಕಪ್‌ನಲ್ಲಿ ಹೇರಿಕೊಂಡು ಹೋಗಿ ತೋರಿಸಿ, ಹಸಿರು ತೆರಿಗೆ ಕಟ್ಟಿ, ಐದು ವರ್ಷಕ್ಕೆ ಮುಂದುವರಿಸಿ, ವಿಮೆ ಮಾಡಿಸಿದ್ದಾಯಿತು. ಅಲ್ಲಿಯವರೆಗೆ ಓಡಿಸಿದ್ದೆಲ್ಲ ನಮ್ಮ ತೋಟದ ದಾರಿಯಲ್ಲೇ.

ಆ ತೋಟದ ದಾರಿಯಲ್ಲಿ ಗಾಡಿ ಚಿನ್ನದಂತೆ ಓಡಿತು. ಟ್ಯಾಂಕಿನಲ್ಲಿ ಒಂದೇ ಲೀಟರ್ ಹಾಕಿಕೊಂಡು ಏಳೆಂಟು ಕಿಲೋಮೀಟರ್ ಸುತ್ತಿದೆ, ಒಂದು ಸಲವೂ ನಿಲ್ಲಲಿಲ್ಲ. ‘ಮುಗೀತು’ ಅಂದುಕೊಂಡೆ.

ಜನವರಿ 14, 2025. ಸಂಕ್ರಾಂತಿ

ಮೊದಲ ಸಲ ರಸ್ತೆಗೆ. ಬಂಕಿನಲ್ಲಿ ಟ್ಯಾಂಕ್ ತುಂಬಿಸಿ ಆಗುಂಬೆ ಕಡೆ ಹೊರಟೆ. ಎರಡು ಕಿಲೋಮೀಟರ್ ಆಗಿಲ್ಲ, ಇಂಜಿನ್ ಉಸಿರು ಕಟ್ಟಿದ ಹಾಗೆ ಕುಗ್ಗಿ ನಿಂತಿತು. ಐದು ನಿಮಿಷ ಬಿಟ್ಟು ಒದ್ದರೆ ಒಂದೇ ಕಿಕ್ಕಿಗೆ ಸ್ಟಾರ್ಟ್. ಮತ್ತೆ ಒಂದೂವರೆ ಕಿಲೋಮೀಟರಿಗೆ ನಿಂತಿತು. ಹೀಗೆ ನಾಲ್ಕು ಸಲ. ದಾರಿಯಲ್ಲಿ ಸಿಗುವ ಮೇಗರವಳ್ಳಿವರೆಗೂ ಹೋಗಲಿಲ್ಲ.

ಬಿಸಿಯಾದಾಗ ನಿಂತು ತಣ್ಣಗಾದಾಗ ಓಡಿದರೆ ಕಿಡಿ ಕಡೆಯ ಕಂಡೆನ್ಸರ್ ಕೆಟ್ಟಿದೆ ಅನ್ನುವುದು ಹಳಬರ ಮಾತು. ನಿಜವೇ, ಕಂಡೆನ್ಸರ್ ಹಾಗೆ ಆಟ ಆಡುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹೊಸದು ತಂದೆ.

ಜನವರಿ 26

ಕಂಡೆನ್ಸರ್ ಹೊಸದು, ರೋಗ ಹಳೆಯದೇ. ಕಾರ್ಬೊರೇಟರನ್ನು ಮೂರನೇ ಸಲ ಬಿಚ್ಚಿದೆ. ಬಟ್ಟಲು ಖಾಲಿ! ಅಂದರೆ ಕಿಡಿಯ ತಪ್ಪಲ್ಲ, ಪೆಟ್ರೋಲೇ ಕೆಳಗೆ ಇಳಿಯುತ್ತಿಲ್ಲ. ತುಕ್ಕು ಮತ್ತೆ ಎದ್ದಿದೆ ಅಂತ ಟ್ಯಾಂಕಿನ ಕೆಳಗಿನ ಪೆಟ್ರೋಲ್ ಕಾಕ್ (ನಲ್ಲಿ) ಬಿಚ್ಚಿ ನೋಡಿದೆ. ಜಾಲರಿ ಫಳಫಳ ಅಂತಿದೆ. ಡ್ರಿಪ್ಸ್ ಬಾಟಲಿಯಲ್ಲಿ ಓಡುತ್ತದೆ. ಒಂದು ಲೀಟರ್ ಹಾಕಿದರೆ ಟ್ಯಾಂಕಿನಿಂದಲೂ ಓಡುತ್ತದೆ. ತುಂಬಿಸಿದರೆ ಮಾತ್ರ ನಿಲ್ಲುತ್ತದೆ. ಹೊಟ್ಟೆ ತುಂಬಿದಾಗ ಹಸಿವಿನಿಂದ ಸಾಯುವ ಗಾಡಿ ಇದು, ಏನು ಹೇಳೋದು?

ಉಗುಳಲೂ ಆಗದೆ ನುಂಗಲೂ ಆಗದೆ ಕೂತಿದ್ದಾಗ ಅಪ್ಪ ಬಂದರು. ‘ನಿಂತ ಕೂಡ್ಲೆ ಮುಚ್ಚಳ ತೆಗೆದು ನೋಡಿದ್ಯನಾ?’

ನೋಡಿರಲಿಲ್ಲ. ಓಡಿಸಿ, ನಿಲ್ಲಿಸಿಕೊಂಡು, ಮುಚ್ಚಳ ತಿರುಗಿಸಿದೆ. ‘ಫುಸ್ಸ್’ ಅಂತ ಗಾಳಿ ಒಳಗೆ ನುಗ್ಗಿತು. ಕಾಕ್‌ನಿಂದ ಪೆಟ್ರೋಲ್ ಗಳಗಳ ಇಳಿಯಿತು.

ಪೆಟ್ರೋಲ್ ಖರ್ಚಾದಷ್ಟು ಗಾಳಿ ಟ್ಯಾಂಕಿನೊಳಗೆ ಬರಬೇಕು. ಅದಕ್ಕೆ ಮುಚ್ಚಳದಲ್ಲಿ ಒಂದು ಸಣ್ಣ ತೂತು ಇರುತ್ತದೆ. ಆ ತೂತು ಮುಚ್ಚಿದರೆ ಒಳಗೆ ಗಾಳಿಯ ಒತ್ತಡ ಇಳಿಯುತ್ತಾ ಹೋಗಿ, ಪೆಟ್ರೋಲನ್ನು ಮೇಲಕ್ಕೇ ಹಿಡಿದುಕೊಳ್ಳುತ್ತದೆ. ಟ್ಯಾಂಕ್ ತುಂಬಿದ್ದಾಗ ಒಳಗೆ ಗಾಳಿಗೆ ಜಾಗ ಸ್ವಲ್ಪವೇ, ಹಾಗಾಗಿ ಒಂದು ಚಿಕ್ಕ ಲೋಟದಷ್ಟು ಪೆಟ್ರೋಲ್ ಹೋದರೂ ಸಾಕು, ಬಿಗಿಯುತ್ತದೆ. ಒಂದೇ ಲೀಟರ್ ಇದ್ದಾಗ ಹತ್ತು ಲೀಟರಿಗಿಂತ ಜಾಸ್ತಿ ಗಾಳಿ ಇರುತ್ತದೆ. ಬಿಗಿಯಲು ಬಹಳ ಹೊತ್ತು ಬೇಕು, ಅಷ್ಟರಲ್ಲಿ ನಾನು ಮನೆಗೆ ಬಂದಿರುತ್ತಿದ್ದೆ. ನಿಂತು ಐದು ನಿಮಿಷ ಕಾದಾಗ ಓಡುತ್ತಿದ್ದುದು ತಣ್ಣಗಾಗಿದ್ದಕ್ಕಲ್ಲ, ಹಳೇ ವಾಷರಿನ ಸಂದಿಯಿಂದ ಗಾಳಿ ನಿಧಾನವಾಗಿ ನುಸುಳುತ್ತಿದ್ದುದಕ್ಕೆ.

ಟ್ಯಾಂಕನ್ನು ಎರಡು ಸಲ ಹುಳಿಯಲ್ಲಿ ನೆನೆಸಿದವನು ಮುಚ್ಚಳವನ್ನು ಮಾತ್ರ ಪಕ್ಕಕ್ಕಿಟ್ಟಿದ್ದೆ. ಈಗ ಭೂತಗನ್ನಡಿ ಹಿಡಿದು ನೋಡಿದೆ. ತೂತಿನಲ್ಲಿ ಕೆಂಪಗೆ, ಗಟ್ಟಿಯಾಗಿ ಏನೋ ಕೂತಿದೆ. ತುಕ್ಕು ಅಂದುಕೊಂಡು ಅದೇ ತಾಮ್ರದ ಎಳೆಯಲ್ಲಿ ಕೆದಕಿದೆ. ಪುಡಿ ಪುಡಿಯಾಗಿ ಬಂತು. ಬೆರಳಲ್ಲಿ ಉಜ್ಜಿ ಮೂಸಿದರೆ ಸಣ್ಣಗೆ ಗಂಧದ ವಾಸನೆ.

ಹದಿನೈದು ಆಯುಧ ಪೂಜೆಯ ಗಂಧ ಕುಂಕುಮ. ಅಮ್ಮನಿಗೆ ತೋರಿಸಿದೆ. ‘ದೇವರಿಗೆ ನೀನು ಓಡಿಸೋದು ಇಷ್ಟ ಇಲ್ಲ ಕಾಣ್ತದೆ’ ಅಂದು ಒಳಗೆ ಹೋದರು. ಇನ್ನು ಮೇಲೆ ಕುಂಕುಮ ಹೆಡ್‌ಲೈಟ್ ಮೇಲೆ ಅಂತ ಒಪ್ಪಂದ ಆಗಿದೆ.

ಫೆಬ್ರವರಿ 15

ಈಗ ನಿಲ್ಲುವುದಿಲ್ಲ. ಆದರೆ ಅಪ್ಪ ಮೊದಲ ದಿನ ಹೇಳಿದ್ದು ಸರಿ, ಐಡ್ಲಿಂಗ್ ಸರಿ ಇಲ್ಲ. ತಣ್ಣಗಿದ್ದಾಗ ಚೆನ್ನಾಗಿರುತ್ತದೆ. ಹತ್ತು ಕಿಲೋಮೀಟರ್ ಓಡಿ ಬಂದರೆ ಥ್ರಾಟಲ್ ಬಿಟ್ಟರೂ ಇಂಜಿನ್ ವೇಗ ತಾನಾಗಿಯೇ ಏರುತ್ತದೆ. ಐಡ್ಲಿಂಗ್ ಸ್ಕ್ರೂ ಇಳಿಸಿದರೆ ಬೆಳಿಗ್ಗೆ ನಿಲ್ಲುತ್ತದೆ. ಕಾರ್ಬೊರೇಟರನ್ನು ಐದನೇ ಸಲ ಬಿಚ್ಚಲು ಕೈ ಹೋಗಿತ್ತು, ತಡೆದುಕೊಂಡೆ.

ಬಸ್ಸಿನ ಡಿಕ್ಕಿಯಲ್ಲಿ ಗಾಡಿ ಹಾಕಿಕೊಂಡು ಮೈಸೂರಿಗೆ ಹೋದೆ. ಅಲ್ಲಿ ಬರೀ ಯೆಜ್ಡಿ, ಜಾವಾಗಳಲ್ಲೇ ಕೂದಲು ಬೆಳ್ಳಗಾದ ಮೆಕ್ಯಾನಿಕ್ ಒಬ್ಬರಿದ್ದಾರೆ. ಅವರು ಗಾಡಿ ಮುಟ್ಟಲೇ ಇಲ್ಲ. ಏರುವುದನ್ನು ಕೇಳಿ, ‘ಎಷ್ಟು ವರ್ಷ ನಿಂತಿತ್ತು ಸಾರ್?’ ಅಂದರು. ಹೇಳಿದೆ. ‘ಕ್ರ್ಯಾಂಕ್ ಸೀಲು’ ಅಂದರು, ಟೀ ಕುಡಿಯಲು ಹೋದರು.

ಟೂ ಸ್ಟ್ರೋಕ್‌ನಲ್ಲಿ ಪೆಟ್ರೋಲ್ ಮತ್ತು ಗಾಳಿ ಮೊದಲು ಪಿಸ್ಟನ್ ಕೆಳಗಿನ ಕ್ರ್ಯಾಂಕ್ ಕೇಸಿಗೆ ಹೋಗಿ ಅಲ್ಲಿಂದ ಮೇಲೇರುತ್ತದೆ. ಕ್ರ್ಯಾಂಕಿನ ಎರಡು ಬದಿಯ ರಬ್ಬರ್ ಸೀಲುಗಳು ಸೋರಿದರೆ ಬೇಡದ ಗಾಳಿ ಒಳಗೆ ಬಂದು ಮಿಶ್ರಣ ತೆಳುವಾಗುತ್ತದೆ, ಇಂಜಿನ್ ಏರುತ್ತದೆ. ಹಾಗೇ ಓಡಿಸಿದ್ದರೆ ಒಂದು ದಿನ ಪಿಸ್ಟನ್ ಸೀಜ್ ಆಗುತ್ತಿತ್ತು (ಕಚ್ಚಿ ನಿಲ್ಲುತ್ತಿತ್ತು). ಕ್ಲಚ್ ಕಡೆಯ ಸೀಲ್ ಸೋರಿದರೆ ಇನ್ನೂ ಒಂದು ಲಕ್ಷಣ, ಗೇರ್ ಆಯಿಲ್ ಒಳಗೆ ಎಳೆದುಕೊಂಡು ಬಿಳಿ ಹೊಗೆ ನಿಲ್ಲುವುದೇ ಇಲ್ಲ. ನಮ್ಮದಕ್ಕೆ ಹೋಗಿದ್ದು ಡೈನಮೋ ಕಡೆಯದು. ಬಿಚ್ಚಿ ನನ್ನ ಕೈಗೆ ಕೊಟ್ಟರು. ಬಾಗಿಸಿದರೆ ಹಲಸಿನ ಹಪ್ಪಳದ ಹಾಗೆ ಚಟ್ ಅಂತ ಮುರಿಯಿತು. ಎರಡೂ ಕಡೆ ಹೊಸದು ಹಾಕಿಸಿದೆ. ಮತ್ತೆ ಬಿಚ್ಚುವ ಕೂಲಿಗಿಂತ ಸೀಲ್ ಅಗ್ಗ.

ಮಾರ್ಚ್ 9

ಇನ್ನೊಂದು ಉಳಿದಿತ್ತು. ಅಂದಾಜು 40ರ ವೇಗದಲ್ಲಿ ಸಮವಾಗಿ ಹೋಗುವಾಗ ‘ಬರ್-ಬ-ಬರ್’ ಅಂತ ಎಡವುತ್ತಿತ್ತು. ಮಿಶ್ರಣ ದಪ್ಪ, ಅಂದರೆ ಪೆಟ್ರೋಲ್ ಜಾಸ್ತಿ. ಕಾರ್ಬೊರೇಟರ್ ಸೂಜಿಯ ಕ್ಲಿಪ್ಪನ್ನು ಒಂದು ಗೀರು ಮೇಲಿಟ್ಟೆ, ಸೂಜಿ ಅಷ್ಟು ಕೆಳಗಿಳಿದು ಪೆಟ್ರೋಲ್ ಕಮ್ಮಿಯಾಯಿತು. ಎಡವುವುದು ಪೂರ್ತಿ ಹೋಗಿಲ್ಲ, ಆದರೆ ಇಳಿಜಾರಿನಲ್ಲಿ ಮಾತ್ರ. ಅಷ್ಟನ್ನು ಯೆಜ್ಡಿಯ ಸ್ವಭಾವ ಅಂತ ಬಿಟ್ಟಿದ್ದೇನೆ.

ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಇರುವುದರಿಂದ ಹಳೇ ರಬ್ಬರ್ ಪೈಪ್ ಊದಿಕೊಂಡಿತ್ತು. ಅದನ್ನೂ ಬದಲಾಯಿಸಿದೆ. ಎಥೆನಾಲ್ ನೀರು ಹೀರುತ್ತದೆ, ನಮ್ಮೂರಿನ ಗಾಳಿಯಲ್ಲಿ ನೀರಿಗೇನು ಬರ? ಊರಿಗೆ ಬರುವುದು ಎರಡು ವಾರಕ್ಕಿಂತ ತಡವಾಗುವುದಾದರೆ ಕಾಕ್ ಬಂದ್ ಮಾಡಿ, ಕಾರ್ಬೊರೇಟರ್ ಖಾಲಿಯಾಗಿ ತಾನೇ ನಿಲ್ಲುವವರೆಗೆ ಓಡಿಸಿ ಬಿಡುತ್ತೇನೆ.

ಮಾರ್ಚ್ 10

ಟ್ಯಾಂಕ್ ತುಂಬಿಸಿಕೊಂಡು ಆಗುಂಬೆಗೆ ಹೋಗಿ ಬಂದೆ. ಅರವತ್ತು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಒಮ್ಮೆಯೂ ನಿಲ್ಲಲಿಲ್ಲ. ಮನೆಗೆ ಬಂದು ಪ್ಲಗ್ ಬಿಚ್ಚಿ ಅಪ್ಪನಿಗೆ ಕೊಟ್ಟೆ. ತುದಿ ಹಾಲು ಜಾಸ್ತಿಯಾದ ಕಾಫಿ ಬಣ್ಣ. ಕನ್ನಡಕ ಹಾಕಿಕೊಂಡು, ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಪಂಚೆಯಲ್ಲಿ ಒರೆಸಿ ತಾವೇ ಹಾಕಿ ಬಿಗಿ ಮಾಡಿದರು.

‘ಕಿಕ್ ನೀನು ಹೊಡಿ. ಪೇಪರ್ ತರ್ಲಿಕ್ಕೆ ನಾನು ಹೋಗಿ ಬರ್ತೆ.’

ಪೇಪರ್ ಅಂಗಡಿ ಒಂದು ಕಿಲೋಮೀಟರ್. ಬಂದಿದ್ದು ಒಂದೂವರೆ ಗಂಟೆ ಬಿಟ್ಟು, ಪೇಪರ್ ಇಲ್ಲದೆ. ಸ್ಪೀಡೋಮೀಟರ್ ಕೇಬಲ್ ಒಂದನ್ನು ಮಾತ್ರ ಇನ್ನೂ ಹಾಕಿಲ್ಲವಾದ್ದರಿಂದ ಎಷ್ಟು ದೂರ ಹೋಗಿದ್ದರು ಅಂತ ನನಗೆ ಗೊತ್ತಾಗುವ ಹಾಗಿಲ್ಲ.