ಅಟ್ಟ, ಕಪಾಟು, ಗೋದಾಮು: ಕನ್ನಡ ಪುಸ್ತಕದಂಗಡಿ ಸುತ್ತುವ ಬಗೆ

ಊರೂರು ಸುತ್ತಿ ಕನ್ನಡ ಪುಸ್ತಕ ಕೊಳ್ಳಬೇಕೆನ್ನುವವರು ಹೊರಡುವ ಮುನ್ನ ಮನೆಯ ಕಪಾಟಿನಿಂದ ಹತ್ತು ಪುಸ್ತಕ ಇಳಿಸಿ, ಶೀರ್ಷಿಕೆ ಪುಟದ ಹಿಂಬದಿ ನೋಡಿ. ಪ್ರಕಾಶಕರ ವಿಳಾಸ, ಮುದ್ರಣದ ವರ್ಷ, ‘ಪ್ರತಿಗಳು: 1000’, ‘ಡೆಮಿ 1/8’ ಎಂಬ ಪುಸ್ತಕದ ಅಳತೆ, ‘70 ಜಿಎಸ್ಎಂ ಮ್ಯಾಪ್‌ಲಿಥೊ’ ಎಂಬ ಕಾಗದದ ತೂಕ ಮತ್ತು ಬಗೆ, ಎಲ್ಲವೂ ಅಲ್ಲಿರುತ್ತದೆ. ಆ ವಿಳಾಸಗಳನ್ನು ಒಂದು ಹಾಳೆಗೆ ಇಳಿಸಿಕೊಂಡರೆ ಪ್ರವಾಸದ ಪಟ್ಟಿ ಅರ್ಧ ಸಿದ್ಧ. ಕನ್ನಡದಲ್ಲಿ ಎಷ್ಟೋ ಕಡೆ ಪ್ರಕಾಶನವೂ ಅಂಗಡಿಯೂ ಒಂದೇ ಸೂರಿನಡಿ ಇರುತ್ತವೆ. ಬೆಂಗಳೂರಿನ ಅಂಗಡಿಯವರು ‘ಪ್ರತಿ ಮುಗಿದಿದೆ’ ಎಂದು ಕೈಯಲ್ಲಾಡಿಸಿದ ಪುಸ್ತಕ ಪ್ರಕಾಶಕರ ಊರಿನಲ್ಲಿ ಕಟ್ಟು ಬಿಚ್ಚದೆ ಕೂತಿರುವುದುಂಟು.

ಹೀಗಾಗುವುದೇಕೆ? ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಪ್ರಕಾಶಕರಿಂದ ಅಂಗಡಿಗೆ ಸಿಗುವ ವ್ಯಾಪಾರಿ ರಿಯಾಯಿತಿ ಸಾಮಾನ್ಯವಾಗಿ ಶೇ 30ರಿಂದ 40. 150 ರೂಪಾಯಿಯ ಪುಸ್ತಕದಲ್ಲಿ ಶೇ 35 ಎಂದರೆ ಐವತ್ತೆರಡು ರೂಪಾಯಿ ಚಿಲ್ಲರೆ. ಒಂದೇ ಒಂದು ಪ್ರತಿಯನ್ನು ಕೊರಿಯರ್‌ನಲ್ಲಿ ತರಿಸಿ, ಗಿರಾಕಿಗೆ ಶೇ 10 ಬಿಟ್ಟರೆ ಅಂಗಡಿಯವರ ಕೈಗೆ ಏನೂ ದಕ್ಕುವುದಿಲ್ಲ. ಹಾಗಾಗಿ ಅವರು ತರಿಸುವುದಿಲ್ಲ. ಅದನ್ನು ಸೋಮಾರಿತನ ಅನ್ನಬಾರದು. ಸಣ್ಣ ಅಂಗಡಿಯಲ್ಲಿ ನಿಂತು ರಿಯಾಯಿತಿಗೆ ಚೌಕಾಸಿ ಮಾಡುವುದು ನನಗೆ ಸರಿಕಾಣದಿರುವುದೂ ಇದೇ ಕಾರಣಕ್ಕೆ.

ಮೊದಲು ಧಾರವಾಡ. ಹುಬ್ಬಳ್ಳಿಯಲ್ಲಿ ರೈಲಿಳಿದು, ಅವಳಿ ನಗರಗಳ ನಡುವೆ ಓಡುವ ಚಿಗರಿ ಬಸ್ಸು ಹತ್ತಿದರೆ ಸುಮಾರು 22 ಕಿ.ಮೀ. ಜ್ಯುಬಿಲಿ ಸರ್ಕಲ್‌ನಲ್ಲಿ ಇಳಿದರೆ ಸುಭಾಷ ರಸ್ತೆ ನಡೆದು ಹೋಗುವಷ್ಟು ಹತ್ತಿರ. ಜಿ.ಬಿ. ಜೋಶಿಯವರು 1933ರಲ್ಲಿ ಕಟ್ಟಿದ ಮನೋಹರ ಗ್ರಂಥಮಾಲೆ ಇರುವುದು ಅಲ್ಲೇ. ಮೆಟ್ಟಿಲು ಹತ್ತಿ ಹೋಗುವ ಆ ಜಾಗವನ್ನು ಸಾಹಿತ್ಯದ ಮಂದಿ ಕರೆಯುವುದೇ ‘ಅಟ್ಟ’ ಎಂದು. ಗಿರೀಶ ಕಾರ್ನಾಡರ ನಾಟಕಗಳು ಇಲ್ಲಿಂದಲೇ ಹೊರಬಂದವು. ಇಂಥ ಕಡೆ ಕಪಾಟು ನೋಡಿ ಹಿಂತಿರುಗಿದರೆ ಹೋದದ್ದು ಅರ್ಧಕ್ಕರ್ಧ ವ್ಯರ್ಥ. ಎದುರಿಗಿರುವುದು ಹೊಸ ಮುದ್ರಣ. ಹಳೆಯದು ಒಳಗೆ, ಕಟ್ಟಿನಲ್ಲಿ. ‘ಹಳೇ ಪ್ರತಿ ಅದಾವೇನ್ರಿ?’ ಎಂದು ಹೆಸರು, ಲೇಖಕರು, ಅಂದಾಜು ವರ್ಷ ಮೂರನ್ನೂ ಬರೆದ ಚೀಟಿ ಕೊಡಿ. ‘ಹುಡುಕಬೇಕ್ರಿ’ ಎಂದರೆ ಅದು ಇಲ್ಲ ಎಂಬ ಉತ್ತರವಲ್ಲ, ಹೊತ್ತು ಬೇಕು ಎಂದರ್ಥ. ಬೆಳಿಗ್ಗೆ ಚೀಟಿ ಕೊಟ್ಟು ಸಂಜೆ ಹೋಗಿ. ಮಧ್ಯಾಹ್ನ ಊಟದ ಹೊತ್ತಿಗೆ ಬಾಗಿಲು ಹಾಕಿ ನಾಲ್ಕಕ್ಕೆ ತೆಗೆಯುವ ಅಂಗಡಿಗಳು ಈ ಭಾಗದಲ್ಲಿ ಇವೆ. ಭಾನುವಾರವನ್ನಂತೂ ನಂಬಬೇಡಿ, ಹಿಂದಿನ ದಿನ ಫೋನ್ ಮಾಡಿಯೇ ಹೊರಡಿ.

ಹಳೇ ಸ್ಟಾಕನ್ನು ಅಚ್ಚಾದ ಬೆಲೆಗೇ ಕೊಡುವವರಿದ್ದಾರೆ, ಮೇಲೊಂದು ಚೀಟಿ ಅಂಟಿಸಿ ಹೊಸ ಬೆಲೆ ಹಾಕುವವರೂ ಇದ್ದಾರೆ. ಇಪ್ಪತ್ತು ವರ್ಷ ಇಲಿ, ಗೆದ್ದಲು, ಸೋರುವ ಹೆಂಚಿನಿಂದ ಕಾಪಾಡಿದ ಖರ್ಚು ಆ ಚೀಟಿಯಲ್ಲಿದೆ ಎಂದುಕೊಂಡು ಕೊಡಿ. ಇನ್ನೊಂದು ಮಾತು: ಲೈನ್ ಬಜಾರಿನ ಫೇಡೆ ಡಬ್ಬಿಯನ್ನು ಪುಸ್ತಕದ ಚೀಲದಲ್ಲಿ ಇಡಬೇಡಿ. ಜಿಡ್ಡು ರಟ್ಟಿನ ಡಬ್ಬಿ ದಾಟಿ ಕಾಗದಕ್ಕೆ ಇಳಿದರೆ ಆ ಕಲೆ ಹೋಗುವುದಿಲ್ಲ.

ಸಾಗರದ ಬಳಿಯ ಹೆಗ್ಗೋಡಿನ ದಾರಿ ಬೇರೆ. ಶಿವಮೊಗ್ಗ–ತಾಳಗುಪ್ಪ ರೈಲಿನಲ್ಲಿ ಸಾಗರ ಜಂಬಗಾರು ನಿಲ್ದಾಣಕ್ಕೆ ಬಂದು, ಅಲ್ಲಿಂದ ಬಸ್ಸೋ ಆಟೋವೋ ಹಿಡಿಯಬೇಕು. ಕೆ.ವಿ. ಸುಬ್ಬಣ್ಣನವರು 1957ರಲ್ಲಿ ಶುರುಮಾಡಿದ ಅಕ್ಷರ ಪ್ರಕಾಶನ ಇಂದಿಗೂ ಹಳ್ಳಿಯಿಂದಲೇ ಪುಸ್ತಕ ಹೊರಡಿಸುತ್ತಿದೆ. ನಾಟಕ, ವಿಮರ್ಶೆ, ಅನುವಾದ ಬೇಕಾದವರು ಒಂದು ದಿನ ಪೂರ್ತಿ ಇಟ್ಟುಕೊಳ್ಳಿ. ಅಲ್ಲಿನ ರಂಗಸಂಸ್ಥೆ ನೀನಾಸಂ ನಡೆಸುವ ಸಂಸ್ಕೃತಿ ಶಿಬಿರದ ದಿನಗಳಿಗೆ ಹೊಂದಿಸಿಕೊಂಡರೆ ಪುಸ್ತಕದ ಜೊತೆ ನಾಟಕವೂ ದಕ್ಕುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡ: ಮಲೆನಾಡಿನ ಮಳೆಯಲ್ಲಿ ಕಾಗದ ತೇವ ಹೀರುತ್ತದೆ, ಆ ಪುಸ್ತಕವನ್ನು ಹಾಗೇ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಟ್ಟರೆ ಬೂಷ್ಟು ಹಿಡಿಯುತ್ತದೆ. ಮಳೆಗಾಲದಲ್ಲಿ ಕೊಂಡದ್ದಾದರೆ ಮನೆಗೆ ಬಂದೊಡನೆ ನೆರಳಿನಲ್ಲಿ, ಫ್ಯಾನಿನ ಕೆಳಗೆ, ಪುಟ ಬಿಡಿಸಿ ಎರಡು ದಿನ ನಿಲ್ಲಿಸಿ. ಬಿಸಿಲಿಗೆ ಇಟ್ಟರೆ ರಕ್ಷಾಪುಟ ಬಾಗುತ್ತದೆ.

ಬೆಂಗಳೂರಿನದು ಎಲ್ಲರಿಗೂ ಗೊತ್ತಿರುವ ಸಂಗತಿ, ಚುಟುಕಾಗಿ ಹೇಳುತ್ತೇನೆ. ಹೊಸ ಕನ್ನಡ ಪುಸ್ತಕಕ್ಕೆ ಗಾಂಧಿ ಬಜಾರಿನ ಅಂಕಿತ ಪುಸ್ತಕ. ಚರ್ಚ್ ಸ್ಟ್ರೀಟಿನ ಬ್ಲಾಸಮ್, ಬುಕ್‌ವರ್ಮ್‌ಗಳಲ್ಲಿ ಇಂಗ್ಲಿಷಿನದೇ ದೊಡ್ಡ ಪಾಲು. ಬ್ರಿಗೇಡ್ ರಸ್ತೆಯ ಪಕ್ಕದ ಓಣಿಯಲ್ಲಿರುವ ಸೆಲೆಕ್ಟ್ 1945ರಿಂದ ನಡೆದುಬಂದದ್ದು, ಹಳೆಯ ಮುದ್ರಣ ಬೇಕಾದವರು ಹೋಗುವ ಅಂಗಡಿ. ಜೆ.ಸಿ. ರಸ್ತೆಯ ಕನ್ನಡ ಭವನದಲ್ಲಿ ಕನ್ನಡ ಪುಸ್ತಕ ಪ್ರಾಧಿಕಾರದ ಸಿರಿಗನ್ನಡ ಮಳಿಗೆ ಖಾಸಗಿಯದಲ್ಲ, ಸರ್ಕಾರದ್ದು, ಅದನ್ನೂ ಬಿಡಬೇಡಿ. ನವೆಂಬರಿನ ರಾಜ್ಯೋತ್ಸವದ ತಿಂಗಳಲ್ಲಿ ಇಂಥ ಸರ್ಕಾರಿ ಮಳಿಗೆಗಳೂ ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳೂ (ಪ್ರಕಟಣಾ ವಿಭಾಗಗಳು) ದೊಡ್ಡ ರಿಯಾಯಿತಿ ಕೊಡುವ ವಾಡಿಕೆ ಇದೆ. ಮ್ಯೂಸಿಯಂ ರಸ್ತೆಯ ಪ್ರೀಮಿಯರ್ 2009ರಲ್ಲಿ, ಮಂಗಳೂರಿನ ಅತ್ರಿ ಬುಕ್ ಸೆಂಟರ್ 2012ರಲ್ಲಿ ಮುಚ್ಚಿದವು. ಹಳೆಯ ಪಟ್ಟಿಗಳಲ್ಲಿ ಅವುಗಳ ಹೆಸರು ಇನ್ನೂ ಸಿಗುತ್ತದೆ, ನಂಬಿ ಹೊರಡಬೇಡಿ.

ದುಡ್ಡು ಕೊಡುವ ಮುನ್ನ ಪುಸ್ತಕವನ್ನು ಗಲ್ಲಾದ ಮುಂದೆಯೇ ಪರೀಕ್ಷಿಸಿ. ಪುಟಗಳು ಒಂದೊಂದಾಗಿ ಅಚ್ಚಾಗುವುದಿಲ್ಲ. ದೊಡ್ಡ ಹಾಳೆಯ ಎರಡೂ ಬದಿ ಮುದ್ರಿಸಿ, ಮಡಚಿ, 8 ಅಥವಾ 16 ಪುಟದ ಫಾರಂ ಮಾಡುತ್ತಾರೆ. ತಪ್ಪಾದರೆ ಇಡೀ ಫಾರಮ್ಮೇ ತಪ್ಪುತ್ತದೆ: 48ರ ನಂತರ ನೇರವಾಗಿ 65 ಬರಬಹುದು, ಇಲ್ಲವೇ 33ರಿಂದ 48 ಎರಡು ಸಲ ಬರಬಹುದು. ಹಾಳೆಯ ಒಂದು ಬದಿ ಅಚ್ಚಾಗದೆ ಉಳಿದಿದ್ದರೆ ಎದುರುಬದುರು ಪುಟಗಳು ಜೋಡಿ ಜೋಡಿಯಾಗಿ ಖಾಲಿ ಕಾಣುತ್ತವೆ. ಹೆಬ್ಬೆರಳಿನಿಂದ ಪುಟಸಂಖ್ಯೆ ಸರಿಸುತ್ತ ಹೋದರೆ ಎರಡು ನಿಮಿಷದ ಕೆಲಸ. ಆಮೇಲೆ ಬೆನ್ನು ನೋಡಿ. ನಡುವೆ ದಾರ ಕಂಡರೆ ಹೊಲಿಗೆ, ಬಾಳಿಕೆ ಬರುತ್ತದೆ. ಬರೀ ಅಂಟಿನ ಹಳೇ ಪ್ರತಿಯಾದರೆ ಅಗಲಕ್ಕೆ ಒತ್ತಿ ತೆರೆಯಬೇಡಿ, ಒಣಗಿದ ಅಂಟು ಸಿಡಿದು ಹಾಳೆ ಕೈಗೆ ಬರುತ್ತದೆ.

ಕೊಂಡದ್ದನ್ನೆಲ್ಲ ಹೊತ್ತು ತಿರುಗಲಾಗದು. 70 ಜಿಎಸ್ಎಂ ಕಾಗದದ, 200 ಪುಟದ ಡೆಮಿ ಪುಸ್ತಕ ಸುಮಾರು 230 ಗ್ರಾಂ ತೂಗುತ್ತದೆ. ಇಪ್ಪತ್ತು ಪುಸ್ತಕಕ್ಕೆ ನಾಲ್ಕೂವರೆ ಕಿಲೋ ದಾಟುತ್ತದೆ. ಅಂಚೆಯಲ್ಲಿ ಪುಸ್ತಕ ಕಳಿಸಲು ಇದ್ದ ರಿಜಿಸ್ಟರ್ಡ್ ಬುಕ್ ಪೋಸ್ಟ್ 2024ರ ಡಿಸೆಂಬರಿನಲ್ಲಿ ನಿಂತಿತು. 2025ರ ಮೇ 1ರಿಂದ ಅಂಚೆ ಇಲಾಖೆ ‘ಜ್ಞಾನ ಪೋಸ್ಟ್’ ತಂದಿದೆ: ಶುರುವಿನ ದರ 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋಗೆ 100 ರೂಪಾಯಿ, ತೆರಿಗೆ ಬೇರೆ. ನಿಯತಕಾಲಿಕೆ, ಜಾಹೀರಾತಿನ ಪುಸ್ತಿಕೆಗಳನ್ನು ಇದರಲ್ಲಿ ಕಳಿಸುವಂತಿಲ್ಲ, ಹಳೇ ಮಾಸಪತ್ರಿಕೆಗಳನ್ನು ಬೇರೆ ಕಟ್ಟಿ. ಪುಸ್ತಕದಲ್ಲಿ ಮುದ್ರಕರ ಅಥವಾ ಪ್ರಕಾಶಕರ ಹೆಸರು ಅಚ್ಚಾಗಿರಬೇಕು. ನೆಲಮಾರ್ಗದಲ್ಲಿ ಹೋಗುವುದರಿಂದ ಅವಸರಕ್ಕೆ ಆಗಿಬರುವುದಿಲ್ಲ. ಕಟ್ಟುವಾಗ ಒಂದರ ಬೆನ್ನು ಆಚೆ, ಮುಂದಿನದರ ಬೆನ್ನು ಈಚೆ ಬರುವಂತೆ ಜೋಡಿಸಿ, ಮೊದಲು ಪ್ಲಾಸ್ಟಿಕ್ ಸುತ್ತಿ, ಮೇಲೂ ಕೆಳಗೂ ರಟ್ಟು ಇಟ್ಟು ಆಮೇಲೆ ಸುತಲಿ ಬಿಗಿಯಿರಿ. ರಟ್ಟಿಲ್ಲದೆ ಬಿಗಿದರೆ ದಾರ ರಕ್ಷಾಪುಟದ ಅಂಚನ್ನು ಕೊಯ್ಯುತ್ತದೆ. ಅಂಗಡಿಯ ಬಿಲ್ಲನ್ನು ಕಟ್ಟಿನೊಳಗೆ ಹಾಕದೆ ಜೇಬಿನಲ್ಲಿಟ್ಟುಕೊಳ್ಳಿ. ಫಾರಂ ತಪ್ಪಿದ ಪ್ರತಿ ಕಣ್ತಪ್ಪಿ ಬಂದುಬಿಟ್ಟಿದ್ದರೆ, ಆ ಪುಟಗಳ ಫೋಟೊ ಜೊತೆಗೆ ಬಿಲ್ಲಿನದೂ ಒಂದನ್ನು ಪ್ರಕಾಶಕರ ವಾಟ್ಸಾಪ್‌ಗೆ ಕಳಿಸಿ ಬದಲಿ ಪ್ರತಿ ಕೇಳಬಹುದು.