ಬೆಳಗಿನ ಒಂದೂವರೆ ತಾಸು

2023ರ ನವೆಂಬರ್. ಊರಲ್ಲಿ ಅಡಿಕೆ ಗೊನೆ ಇಳಿಸುವ ಕೊನೆಕೊಯ್ಲು ಆಗಷ್ಟೇ ಶುರುವಾಗಿತ್ತು, ಬಸುರಿಯಾಗಿದ್ದ ನನಗೆ ಮೂರು ತಿಂಗಳು ತುಂಬುತ್ತಿತ್ತು. ಹುಲೇಕಲ್ ಕಡೆಯಿಂದ ಶಿರಸಿಗೆ ಹೋಗುವ ಎಂಟೂವರೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೂ ನಾಲ್ಕು ತಿರುವು ದಾಟುವಷ್ಟರಲ್ಲಿ ಹೊಟ್ಟೆ ತೊಳಸುತ್ತಿತ್ತು. ಅತ್ತೆ ಬಾಟಲಿಯಲ್ಲಿ ಅಪ್ಪೆಹುಳಿ, ಅಂದರೆ ಹುಳಿಯ ತಿಳಿಸಾರು, ತುಂಬಿ ಕೊಡುತ್ತಿದ್ದರು. ಅದೊಂದೇ ಒಳಗೆ ನಿಲ್ಲುತ್ತಿತ್ತು. ಅಂಗಡಿ ಬಾಗಿಲಲ್ಲಿ ಗೋಣಿಚೀಲದ ವಾಸನೆ ಮೂಗಿಗೆ ಹೊಡೆದರೆ ಅದೂ ಇಲ್ಲ.

ನಾನು ಎಪಿಎಂಸಿ ಯಾರ್ಡಿನ ಒಂದು ಅಡಿಕೆ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವವಳು. ಒಂಬತ್ತೂವರೆಗೆ ಹಾಜರಿ. ಸಂಜೆ ಆರೂವರೆ ಅಂತ ಹೆಸರಿಗೆ, ಸೀಜನ್‌ನಲ್ಲಿ ಏಳೂವರೆಯೂ ಆಗುತ್ತದೆ. ನನಗಿಂತ ಮೊದಲು ಇದೇ ಕುರ್ಚಿಯಲ್ಲಿದ್ದವರು ಬಸುರಿಯಾದಾಗ ಐದನೇ ತಿಂಗಳಿಗೆ ಕೆಲಸ ಬಿಟ್ಟಿದ್ದರು. ಬಿಡು ಅಂತ ಅವರಿಗೆ ಯಾರೂ ಹೇಳಲಿಲ್ಲ. ಹೊತ್ತು ಸ್ವಲ್ಪ ಬದಲಿಸಿ ಕೊಡಿ ಎಂದು ಕೇಳಿದ್ದಕ್ಕೆ "ನೋಡನ" ಅನ್ನುವ ಉತ್ತರ ಸಿಕ್ಕಿತ್ತು. ಆ "ನೋಡನ" ಎರಡು ತಿಂಗಳು ಎಳೆಯಿತು, ಅವರಿಗೆ ಸಾಕಾಯಿತು.

ನಾನೂ ಮೊದಲ ಸಲ ಹಾಗೇ ಕೇಳಿದೆ. "ಸ್ವಲ್ಪ ಅಡ್ಜಸ್ಟ್ ಮಾಡಿಕೊಡಿ ಹೆಗಡೇರೆ." ಅಂಗಡಿ ಯಜಮಾನರು ಕೆಟ್ಟವರಲ್ಲ, ತಂಗಿ ಅಂತಲೇ ಕರೆಯುತ್ತಾರೆ. "ಅಡ್ಡಿಲ್ಲೆ ತಂಗಿ, ನೋಡನ" ಅಂದರು. ಅದೇ ಮಾತು! ಅವತ್ತು ವಾಪಸ್ ಬಸ್ಸಿನಲ್ಲಿ ನನಗೆ ನಿಜಕ್ಕೂ ಹೆದರಿಕೆಯಾಯಿತು.

ಮರುದಿನದಿಂದ ಒಂದು ವಾರ, ಸಣ್ಣ ನೋಟ್‌ಬುಕ್ಕಿನಲ್ಲಿ ಅರ್ಧರ್ಧ ತಾಸಿಗೆ ನಾನೇನು ಮಾಡಿದೆ ಅಂತ ಬರೆದಿಟ್ಟೆ. ಹತ್ತು ಗಂಟೆ: ಫೋನು, ಫೋನು, ನಿನ್ನೆಯ ವೋಚರು, ಫೋನು. ಹನ್ನೊಂದೂವರೆ: ರಾಶಿ, ಚಾಲಿ, ಬೆಟ್ಟೆ, ಬಿಳಿಗೋಟು ಅಂತ ಅಡಿಕೆಯ ಬಗೆಬಗೆಯ ಲಾಟುಗಳ ಎಂಟ್ರಿ. ಟೆಂಡರ್ ಹೊತ್ತಿಗೆ ಲಾಟುಗಳ ಮಧ್ಯೆ ನಿಂತು ಗುರುತು ಹಾಕುವುದು, ಸುಮಾರು ಒಂದೂವರೆ ತಾಸು ನಿಂತೇ ಇರಬೇಕು. ನಾಲ್ಕರ ಮೇಲೆ ದರ ಬಂದ ಹಾಗೆ ಬೆಳೆಗಾರರ ಪಟ್ಟಿ, ಅಂದರೆ ಅವರ ಮಾರಾಟದ ಲೆಕ್ಕದ ಚೀಟಿ, ಮಾಡುವುದು.

ವಾರದ ಕೊನೆಗೆ ನೋಡಿದರೆ, ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೊಂದರವರೆಗೆ ನಾನು ಮುಖ್ಯವಾಗಿ ಮಾಡುತ್ತಿದ್ದದ್ದು ಫೋನಿಗೆ ಉತ್ತರ ಕೊಡುವುದು. "ನಿನ್ನೆ ಚಾಲಿ ಎಷ್ಟಕ್ಕೆ ಹೋತು?" "ನನ್ನ ದುಡ್ಡು ಜಮಾ ಆತಾ?" ಇದಕ್ಕೆ ನಾನು ಯಾರ್ಡಿನಲ್ಲೇ ಇರಬೇಕಾಗಿರಲಿಲ್ಲ. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಅಂಗಳದ ತುದಿಯಲ್ಲಿ, ದಾಸವಾಳದ ಗಿಡದ ಹತ್ತಿರ ಮಾತ್ರ. ಅಲ್ಲಿ ಒಂದು ಕುರ್ಚಿ ಹಾಕಿದರೆ ಆಯಿತು.

ಕಾನೂನನ್ನೂ ಓದಿಕೊಂಡೆ. ಆಗ ಜಾರಿಯಲ್ಲಿದ್ದದ್ದು 1961ರ ಹೆರಿಗೆ ಸೌಲಭ್ಯ ಕಾಯ್ದೆ, 2017ರ ತಿದ್ದುಪಡಿ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಅಂಗಡಿಗೆ ಅನ್ವಯವಾಗುತ್ತಿತ್ತು. ನಾವು ಹದಿನಾಲ್ಕು ಮಂದಿ. ಹೆರಿಗೆ ದಿನದ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಸಾಕಿತ್ತು. ಮೊದಲೆರಡು ಮಕ್ಕಳಿಗೆ ಸಂಬಳದ ಜೊತೆ 26 ವಾರ ರಜೆ, ಅದರಲ್ಲಿ ಹೆರಿಗೆಗೆ ಮೊದಲು ಹೆಚ್ಚೆಂದರೆ 8 ವಾರ. ಆದರೆ ಬಸುರಿಗೆ ಹೊತ್ತು ಬದಲಿಸಿ ಕೊಡಬೇಕು ಅಂತ ಅದರಲ್ಲಿ ಎಲ್ಲೂ ಇರಲಿಲ್ಲ. ಹೆರಿಗೆಗೆ ಆರು ವಾರ ಮೊದಲಿನ ಒಂದು ತಿಂಗಳಲ್ಲಿ, ಅವಳು ಕೇಳಿಕೊಂಡರೆ, ಬಹಳ ಹೊತ್ತು ನಿಲ್ಲುವ ಕೆಲಸ ಕೊಡಬಾರದು ಅಂತಿತ್ತು. ಅದಕ್ಕೆ ಮೊದಲಿನ ತಿಂಗಳುಗಳನ್ನು ನಾವೇ ಮಾತಾಡಿ ಬಗೆಹರಿಸಿಕೊಳ್ಳಬೇಕಿತ್ತು. ಇದು ನನಗೆ ಈಗಲೂ ಸರಿ ಕಾಣುವುದಿಲ್ಲ. ವಾಂತಿ, ತಲೆಸುತ್ತು ಎಲ್ಲ ಇರುವುದು ಆ ತಿಂಗಳುಗಳಲ್ಲೇ ಅಲ್ಲವಾ?

ಎರಡನೇ ಸಲ ಹೋದಾಗ ಒಂದು ಹಾಳೆಯಲ್ಲಿ ಬರೆದುಕೊಂಡು ಹೋದೆ. ಒಂಬತ್ತೂವರೆಯಿಂದ ಹತ್ತೂವರೆ ಮನೆಯಿಂದ ಅಂಗಡಿಯ ಫೋನು ನಾನೇ ಎತ್ತುತ್ತೇನೆ, ಹನ್ನೊಂದೂಕಾಲಿಗೆ ಅಂಗಡಿಯಲ್ಲಿರುತ್ತೇನೆ, ಐದೂವರೆಗೆ ಹೊರಡುತ್ತೇನೆ. ಲಾಟಿನ ಗುರುತು ಬೇರೆಯವರು ಹಾಕಲಿ, ನಾನು ಕೂತು ಬರೆಯುತ್ತೇನೆ. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರ ತಪಾಸಣೆ ಇರುತ್ತದೆ, ಅವತ್ತು ಮಧ್ಯಾಹ್ನ ಬರುತ್ತೇನೆ. ಇದಕ್ಕೆ ಪ್ರತಿಯಾಗಿ, ಜೂನ್ ಎರಡನೇ ವಾರದ ಹೆರಿಗೆಗೆ ಏಪ್ರಿಲ್ ಮಧ್ಯದಿಂದಲೇ ರಜೆ ಹಾಕುವ ಹಕ್ಕಿದ್ದರೂ ಮೇ ಮಧ್ಯದವರೆಗೆ ಕೆಲಸ ಮಾಡುತ್ತೇನೆ.

ಯಜಮಾನರು ಕನ್ನಡಕ ಏರಿಸಿ ಎರಡು ಸಲ ಓದಿದರು. "ಸೀಜನ್ ಹೊತ್ತಿಗೇ ಹಿಂಗಂದ್ರೆ ಎಂತ ಮಾಡದು ಮಾರಾಯ್ತಿ? ಅವತ್ತಿನ ಪಟ್ಟಿ ಅವತ್ತೇ ಆಗವು."

"ಅಂಗಡಿ ಮಾಣಿಗೆ ಪಟ್ಟಿ ಮಾಡದು ನಾನೇ ಕಲಿಸ್ತೆ. ನಾನು ರಜೆ ಮೇಲೆ ಹೋದ್ಮೇಲೂ ಬೇಕಲಿ."

ಈ ಮಾತು ಅವರಿಗೆ ತಟ್ಟಿತು ಅನ್ನಿಸುತ್ತದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹೊತ್ತು ಕಡಿಮೆಯಾದಷ್ಟು ಸಂಬಳವೂ ಕಡಿಮೆ ಮಾಡುವ ಮಾತೆತ್ತಿದರು. ನನ್ನ ಕೈ ನಡುಗುತ್ತಿತ್ತು, ಆದರೂ ಕೇಳಿದೆ: "ಫೋನಿಗೆ ಉತ್ತರ ಕೊಡದು ಕೆಲಸ ಅಲ್ದಾ ಹೆಗಡೇರೆ?" ಕೊನೆಗೆ ಹದಿನೈದು ದಿನ ನೋಡುವುದು ಅಂತಾಯಿತು, ಸಂಬಳ ಮುಟ್ಟದೆ. ಐದೂವರೆ ಅಂದದ್ದು ಐದೂಮುಕ್ಕಾಲಾಯಿತು. ಹಾಳೆಯ ಕೆಳಗೆ ಅವರ ಸಹಿ ಹಾಕಿಸಿಕೊಂಡೆ. ಸಹಿ ಕೇಳಲು ಸಂಕೋಚವಾಗಿತ್ತು, ಆದರೆ ಜನವರಿಯಲ್ಲಿ ರಾಶಿ ಆವಕ ಜೋರಾಗಿ "ಇವತ್ತೊಂದಿನ ನಿಲ್ಲು" ಎಂಬ ಮಾತು ದಿನಾ ಬರತೊಡಗಿದಾಗ ಆ ಹಾಳೆಯೇ ನನ್ನನ್ನು ಕಾಪಾಡಿದ್ದು.

ಅಂಗಡಿಯ ಹುಡುಗ ಮಾಣಿ ಮೊದಲ ವಾರ ತಟ್ಟಿಬೆಟ್ಟೆ ಎಂಬ ಬೇರೆ ಬಗೆಯ ಅಡಿಕೆಯನ್ನು ಬೆಟ್ಟೆಯ ಕಾಲಮ್ಮಿಗೆ ಹಾಕಿ ಒಬ್ಬ ಬೆಳೆಗಾರರ ಪಟ್ಟಿ ತಪ್ಪಿಸಿದ. ಬೈಗುಳ ನನಗೆ ಬಂತು. ಮಾರ್ಚ್‌ನಲ್ಲಿ ಮಾರಿಕಾಂಬಾ ಜಾತ್ರೆ. ಆ ಜನಜಂಗುಳಿಯಲ್ಲಿ ಹೊಟ್ಟೆ ಹೊತ್ತು ಬಸ್ಸು ಹತ್ತುವುದು ಬೇಡವೆಂದು ನನ್ನ ಲೆಕ್ಕದ ರಜೆಯನ್ನೇ ಹಾಕಿದೆ. ಉಳಿದಂತೆ ಮೇ ಮಧ್ಯದವರೆಗೆ ನಡೆಯಿತು.

ಜೂನ್‌ನಲ್ಲಿ ಮಗಳು ಹುಟ್ಟಿದಳು. ನವೆಂಬರ್‌ನಲ್ಲಿ ಕೆಲಸಕ್ಕೆ ಮರಳಿದಾಗ ಮತ್ತೊಂದು ಮಾತುಕತೆ. ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ ಹಾಲೂಡಿಸಲು ಬಿಡುವು ಕೊಡಬೇಕು ಅಂತ ಕಾಯ್ದೆಯಲ್ಲಿತ್ತು. ಮಗು ಇರುವುದು ಹುಲೇಕಲ್ ಕಡೆಯ ಮನೆಯಲ್ಲಿ, ನಾನಿರುವುದು ಯಾರ್ಡಿನಲ್ಲಿ, ಬಿಡುವಿನಲ್ಲಿ ಹೋಗಿ ಬರಲು ಆಗುತ್ತದೆಯೇ? ಎರಡೂ ಬಿಡುವನ್ನು ಒಟ್ಟು ಮಾಡಿ ಸಂಜೆಗೆ ಹಾಕಿಕೊಡಿ ಅಂದೆ. ಈ ಸಲ ಯಜಮಾನರು ಹಾಳೆ ಓದಲಿಲ್ಲ, ಪೆನ್ನು ಕೇಳಿದರು. ಐದರ ಬಸ್ಸಿಗೆ ಹತ್ತಿ ಮನೆ ಮುಟ್ಟಿದಾಗ ಮಗಳು ಅತ್ತೆಯ ಸೊಂಟದ ಮೇಲೆ ಕೂತು ಗೇಟಿನ ಕಡೆ ನೋಡುತ್ತಿರುತ್ತಾಳೆ.

ಮೊನ್ನೆ ಅವಳಿಗೆ 14 ತಿಂಗಳು ತುಂಬಿತು. ಇನ್ನೊಂದು ತಿಂಗಳಿಗೆ ಆ ಬಿಡುವು ಮುಗಿಯುತ್ತದೆ, ಐದರ ಬಸ್ಸೂ. ನಿನ್ನೆಯಿಂದ ಮತ್ತೆ ನೋಟ್‌ಬುಕ್ಕಿನಲ್ಲಿ ಅರ್ಧರ್ಧ ತಾಸು ಬರೆಯುತ್ತಿದ್ದೇನೆ.