ಫೆರೆಟ್ ಗಾಡಿಯ ಖಾಲಿ ಬಾಡಿ: ತೂಕದ ಲೆಕ್ಕ

20 ಸೆಪ್ಟೆಂಬರ್ 2025, ಶನಿವಾರ
ಪೀಣ್ಯ, ಬೆಂಗಳೂರು

ಶೆಡ್‌ನಲ್ಲಿ ದಿಮ್ಮಿಗಳ ಮೇಲೆ ಕೂತಿರುವ ಡೈಮ್ಲರ್ ಫೆರೆಟ್ ಎಂಬ ಹಳೇ ಸೇನಾ ಕವಚ ಗಾಡಿಯ ಹಲ್ ಮುಂದಿನ ವಾರ ಸ್ಯಾಂಡ್ ಬ್ಲಾಸ್ಟಿಂಗ್‌ಗೆ (ಮರಳು ಊದಿ ಬಣ್ಣ, ತುಕ್ಕು ತೆಗೆಸಲು) ಹೋಗಬೇಕು. ಎಂಜಿನ್, ಗೇರ್‌ಬಾಕ್ಸ್, ಚಕ್ರ, ಟರೆಟ್ (ಗನ್ ಕೂರುವ ಮೇಲಿನ ಗೋಪುರ) ಎಲ್ಲ ಇಳಿಸಿದ ಬರೀ ಉಕ್ಕಿನ ಬಾಡಿ. ಹೈಡ್ರಾ ಕ್ರೇನ್‌ನವನ ಮೊದಲ ಪ್ರಶ್ನೆ ‘ಎಷ್ಟು ಟನ್ ಸಾರ್?’ ಗುಜರಿ ಅಂಗಡಿಯವರ ಕಣ್ಣಂದಾಜು ‘ಎರಡು ಟನ್ ಇರಬಹುದು’. ಆ ‘ಇರಬಹುದು’ ನಂಬಿ ಎತ್ತುವ ಸ್ಲಿಂಗ್ ಕಟ್ಟುವಂತಿಲ್ಲ.

ಪುಸ್ತಕದ ತೂಕದಿಂದ ಶುರು ಮಾಡುವುದು ಎಲ್ಲರ ಅಭ್ಯಾಸ. 1952ರಿಂದ 1971ರವರೆಗೆ ತಯಾರಾದ ಈ ಬ್ರಿಟಿಷ್ ಗಾಡಿಗೆ, ಟರೆಟ್ ಇರುವ ಮಾದರಿಯಲ್ಲಿ, ಸುಮಾರು 4.4 ಟನ್ ಎಂದು ಬರೆದಿರುತ್ತದೆ. ಅದು ಯುದ್ಧಕ್ಕೆ ಸಜ್ಜಾದ ತೂಕ: ಇಬ್ಬರು ಸೈನಿಕರು, ಮದ್ದುಗುಂಡು, ರೇಡಿಯೋ, 96 ಲೀಟರ್ ಪೆಟ್ರೋಲ್ (ಅದೇ 70 ಕೆಜಿ ಆಗುತ್ತದೆ) ಎಲ್ಲ ಸೇರಿ. ಅಲ್ಲಿಂದ ಕಳೆಯುತ್ತಾ ಬರಬೇಕಾದರೆ ಬಿಚ್ಚಿದ ಪ್ರತಿಯೊಂದು ಭಾಗವನ್ನೂ ತೂಗಿರಬೇಕು. ಇನ್ನೊಂದು ಎಡವಟ್ಟು ಅಳತೆಯದು. ಬ್ರಿಟಿಷ್ ದಾಖಲೆಯ ಟನ್ ಅಂದರೆ 1,016 ಕೆಜಿ, ಹಂಡ್ರೆಡ್‌ವೇಟ್ ಅಂದರೆ 50.8 ಕೆಜಿ. ಅದನ್ನು ನಮ್ಮ ಕ್ವಿಂಟಲ್ ಎಂದುಕೊಂಡವರೂ ಇದ್ದಾರೆ; ಅಲ್ಲಿಗೆ ಲೆಕ್ಕ ಇಮ್ಮಡಿ.

ಫೆರೆಟ್‌ಗೆ ಬೇರೆ ಚಾಸಿ ಇಲ್ಲ, ಸಸ್ಪೆನ್ಷನ್ ನೇರ ಹಲ್‌ಗೇ ಬೋಲ್ಟ್ ಆಗುತ್ತದೆ. ಜೀಪಿನ ಬಾಡಿ ನೋಡಿ ಅಂದಾಜು ಕಟ್ಟುವುದು ಇಲ್ಲಿ ನಡೆಯುವುದಿಲ್ಲ. ‘ಎಲ್ಲ ಬಿಚ್ಚಿದೆ’ ಎಂಬ ಮಾತನ್ನೂ ಪರೀಕ್ಷಿಸಬೇಕು. ಚಕ್ರಗಳಿಗೆ ಶಕ್ತಿ ಒಯ್ಯುವ ಬೆವೆಲ್ ಬಾಕ್ಸ್‌ಗಳು (ಗೇರ್ ಪೆಟ್ಟಿಗೆಗಳು) ಹಲ್‌ನ ಪಕ್ಕಕ್ಕೆ ಅಂಟಿಕೊಂಡಿರುತ್ತವೆ. ಬೋಲ್ಟ್ ತುಕ್ಕು ಹಿಡಿದಿದ್ದರೆ ಬಿಚ್ಚುವವರು ಹಾಗೇ ಬಿಟ್ಟಿರುತ್ತಾರೆ, ನಾಲ್ಕೂ ಭಾರದವೇ. ಇದರಲ್ಲಿ ನಾಲ್ಕೂ ಹೊರಬಂದಿವೆ, ಟಾರ್ಚ್ ಹಾಕಿ ನೋಡಿದ್ದಾಯಿತು.

ಮೊದಲ ಲೆಕ್ಕ ಪ್ಲೇಟಿನದು, ಸೂತ್ರ ಸುಲಭ: ಒಂದು ಚದರ ಮೀಟರ್ ಉಕ್ಕು, ಒಂದು ಮಿಮೀ ದಪ್ಪ, 7.85 ಕೆಜಿ. ಪ್ರತಿ ಪ್ಲೇಟನ್ನೂ ತ್ರಿಕೋನ, ಚತುರ್ಭುಜಗಳಾಗಿ ಒಡೆದು ಟೇಪ್ ಹಿಡಿಯಬೇಕು, ಮುಚ್ಚಳದ ಕಿಂಡಿಗಳನ್ನು ಕಳೆಯಬೇಕು. ಪಕ್ಕದ ಒಂದು ಪ್ಲೇಟ್ ಕೆಳಗೆ 1.9 ಮೀ, ಮೇಲೆ 1.5 ಮೀ, ಎತ್ತರ 0.62 ಮೀ. ವಿಸ್ತೀರ್ಣ 1.054 ಚದರ ಮೀಟರ್, 12 ಮಿಮೀ ದಪ್ಪಕ್ಕೆ 99 ಕೆಜಿ.

ಉದ್ದ ಅಗಲದಲ್ಲಿ ಸೆಂಟಿಮೀಟರ್ ಆಚೀಚೆ ಆದರೆ ಏನೂ ಕೆಡುವುದಿಲ್ಲ. ಕೆಡುವುದೆಲ್ಲ ದಪ್ಪದಲ್ಲಿ. ಫೆರೆಟ್‌ನ ಕವಚ 6ರಿಂದ 16 ಮಿಮೀ ಎಂದು ಹೇಳುತ್ತಾರೆ, ಜಾಗಕ್ಕೊಂದು ದಪ್ಪ. ಮುಚ್ಚಳದ ಅಂಚು ನೋಡಿ ಇಡೀ ಹಲ್‌ಗೆ ಅದೇ ಎಂದುಕೊಂಡರೆ ಕೆಟ್ಟೆವು. ಅಲ್ಟ್ರಾಸೋನಿಕ್ ಗೇಜ್ ಬೇಕೇಬೇಕು, ಅದನ್ನೂ ಕಣ್ಣು ಮುಚ್ಚಿ ನಂಬಬಾರದು. ಅದು ಶಬ್ದ ಉಕ್ಕಿನೊಳಗೆ ಹೋಗಿ ಬರುವ ಸಮಯವನ್ನು, ಸೆಕೆಂಡಿಗೆ ಸುಮಾರು 5,900 ಮೀಟರ್ ವೇಗವೆಂದು ಹಿಡಿದು, ದಪ್ಪಕ್ಕೆ ತಿರುಗಿಸುತ್ತದೆ. ಬಣ್ಣದೊಳಗೆ ಶಬ್ದದ ವೇಗ ಅದರ ಅರ್ಧಕ್ಕಿಂತ ಕಡಿಮೆ. ಪದರದ ಮೇಲೆ ಪದರ ಬಳಿದ ಅರ್ಧ ಮಿಮೀ ಬಣ್ಣ ಗೇಜ್‌ನಲ್ಲಿ 1.2 ಮಿಮೀ ಉಕ್ಕಿನಂತೆ ಕಾಣಿಸುತ್ತದೆ. ಇವತ್ತು ಒಂದೇ ಚುಕ್ಕೆಯಲ್ಲಿ ಬಣ್ಣದ ಮೇಲೆ 13.2, ಕೆರೆದ ಮೇಲೆ 12.0. ಇಷ್ಟು ಚಿಕ್ಕ ತಪ್ಪು 11 ಚದರ ಮೀಟರ್ ಮೇಲೆ ಹರಡಿದರೆ 100 ಕೆಜಿ ಇಲ್ಲದ ತೂಕ ಸೇರಿಕೊಳ್ಳುತ್ತದೆ. ಆದ್ದರಿಂದ ಪ್ರತಿ ಪ್ಲೇಟಿನಲ್ಲೂ ಕಾಸಿನಗಲ ಮೂರು ಕಡೆ ಬಣ್ಣ ಕೆರೆದು, ಜೆಲ್ ಹಚ್ಚಿ ಓದಬೇಕು. ಇಲ್ಲವೇ ಬಣ್ಣ ಬಿಟ್ಟು ಓದುವ ‘ಎಕೋ ಟು ಎಕೋ’ ಸೌಲಭ್ಯದ ಗೇಜ್ ಬಾಡಿಗೆಗೆ ತರಬೇಕು. ತಳದ ಪ್ಲೇಟಿಗೆ ಮೂರು ಸಾಲದು. ನೀರು ನಿಂತು ತುಕ್ಕು ತಿಂದು ಗುಳಿ ಬಿದ್ದಿರುತ್ತದೆ, ಗೇಜ್ ಅಂಕಿಯೇ ತೋರಿಸದೆ ತಡಕಾಡುತ್ತದೆ.

ವೆಲ್ಡಿಂಗ್‌ಗೆಂದು ನೂರಕ್ಕೆ ಹತ್ತು ಸೇರಿಸುವ ರೂಢಿ ಎಲ್ಲಿಂದ ಬಂತೋ. 8 ಮಿಮೀ ಫಿಲೆಟ್ ವೆಲ್ಡ್ (ಎರಡು ಪ್ಲೇಟ್ ಸೇರುವ ಮೂಲೆಯ ಬೆಸುಗೆ) ಮೀಟರಿಗೆ ಕಾಲು ಕೆಜಿ ಅಷ್ಟೆ, 40 ಮೀಟರ್ ಓಡಿದರೂ 10 ಕೆಜಿ. ನಿಜವಾದ ಹೆಚ್ಚುವರಿ ಇರುವುದು ಹಿಂಜ್, ಕೊಂಡಿ, ಎಂಜಿನ್ ಮೌಂಟ್, ಟರೆಟ್ ಕೂರುವ ಬಳೆ, ಒಳಗಿನ ಬ್ರಾಕೆಟ್‌ಗಳಲ್ಲಿ. ಅವನ್ನು ಒಂದೊಂದಾಗಿ ಎಣಿಸಬೇಕು. ಇಲ್ಲಿ ಪ್ಲೇಟ್ 1,040, ಉಳಿದದ್ದು 120, ಒಟ್ಟು 1,160 ಕೆಜಿ.

ಸೆಪ್ಟೆಂಬರ್ ಮಳೆಯಲ್ಲಿ ನೀರನ್ನು ಮರೆಯುವಂತಿಲ್ಲ. ಟಾರ್ಪಾಲ್ ಜಾರಿ, ಡ್ರೈನ್ ರಂಧ್ರ ಕೆಸರಿನಿಂದ ಮುಚ್ಚಿಹೋದರೆ ಒಂದೂವರೆ ಚದರ ಮೀಟರ್ ತಳದಲ್ಲಿ 10 ಸೆಂಮೀ ನೀರು ಅಂದರೆ 150 ಕೆಜಿ. ಎತ್ತುವಾಗ ಆ ನೀರು ಒಂದೇ ಕಡೆ ಓಡಿ ಹಲ್ ವಾಲುತ್ತದೆ. ಮೊದಲು ರಂಧ್ರಕ್ಕೆ ಕಂಬಿ ಹಾಕಿ ಚುಚ್ಚಬೇಕು.

ಎರಡನೇ ಲೆಕ್ಕ ಜಾಕ್‌ನದು. 50 ಮಿಮೀ ಪಿಸ್ಟನ್ನಿನ ಹೈಡ್ರಾಲಿಕ್ ಜಾಕ್‌ಗೆ ಒತ್ತಡದ ಗೇಜ್ ಕೂರಿಸಿದರೆ, ಕೆಜಿ/ಚದರ ಸೆಂಮೀ ಅಂಕಿಯನ್ನು 19.63ರಿಂದ ಗುಣಿಸಿದ್ದೇ ಭಾರ. ಗೇಜ್ 0–60ರದ್ದಾಗಿರಲಿ. ಅಂಗಡಿಯಲ್ಲಿ ಕೈಗೆ ಕೊಡುವ 0–700ರದ್ದರಲ್ಲಿ ಒಂದೊಂದು ಗೆರೆಯೂ 10 ಆದರೆ ಗೆರೆಗೆ 196 ಕೆಜಿ, ಅದು ಅಳತೆಯೇ ಅಲ್ಲ. ಹಿಂಬದಿ ದಿಮ್ಮಿಯ ಮೇಲಿಟ್ಟು ಮುಂಬದಿಯನ್ನು ಬೆರಳಗಲ ಎತ್ತಬೇಕು, ಆಮೇಲೆ ಅದಲು ಬದಲು. ಎರಡು ಸಲವೂ ಆಧಾರದ ಚುಕ್ಕೆಗಳು ಅವೇ ಇರಬೇಕು, ಸೀಮೆಸುಣ್ಣದಲ್ಲಿ ಗುರುತು ಮಾಡುವುದು ಅದಕ್ಕೇ; ಚುಕ್ಕೆ ಸರಿದರೆ ಎರಡನ್ನೂ ಕೂಡಿಸುವುದಕ್ಕೆ ಅರ್ಥವಿಲ್ಲ. ಸೀಲ್‌ನ ಘರ್ಷಣೆಯಿಂದ ಏರುವಾಗ ಜಾಸ್ತಿ, ಇಳಿಯುವಾಗ ಕಮ್ಮಿ ತೋರಿಸುತ್ತದೆ, ಸರಾಸರಿ ಹಿಡಿಯಬೇಕು. ಮುಂದೆ 34 ಮತ್ತು 30, ಸರಾಸರಿ 32, ಅಂದರೆ 628 ಕೆಜಿ. ಹಿಂದೆ 31 ಮತ್ತು 27, ಅಂದರೆ 569. ಒಟ್ಟು 1,197. ಎರಡು ದಾರಿಯ ನಡುವೆ 37 ಕೆಜಿ ಅಂತರ, ಮೂಲೆಗಳಲ್ಲಿ ಗಟ್ಟಿಯಾದ ಮಣ್ಣೇ ಅಷ್ಟಿದ್ದೀತು. ನೂರಕ್ಕೆ ಹತ್ತು ದಾಟಿದ್ದರೆ ಮತ್ತೆ ಗೇಜ್ ಹಿಡಿಯಬೇಕಿತ್ತು.

ಜಾಕ್ ಲೆಕ್ಕದಿಂದ ಇನ್ನೊಂದು ಲಾಭ: ಆಧಾರಗಳ ಅಂತರ 2.4 ಮೀಟರ್ ಇದ್ದದ್ದರಿಂದ ಭಾರದ ಕೇಂದ್ರ ಹಿಂದಿನ ಚುಕ್ಕೆಯಿಂದ 1.26 ಮೀಟರ್. ಕೊಕ್ಕೆ ಅದರ ನೇರ ಮೇಲಿರಬೇಕು. ನಾಲ್ಕು ಕಾಲಿನ ಸ್ಲಿಂಗ್ ಹಾಕಿದರೂ ಇಂಥ ಗಟ್ಟಿ ಬಾಡಿಯಲ್ಲಿ ಎರಡೇ ಕಾಲು ಭಾರ ಹೊರುತ್ತವೆ ಎಂದೇ ಲೆಕ್ಕ ಹಾಕಬೇಕು. ನೆಲಕ್ಕೆ 60 ಡಿಗ್ರಿ ಕೋನದಲ್ಲಿ ಒಂದೊಂದಕ್ಕೆ ತೂಕದ 0.58 ಪಾಲು, 30 ಡಿಗ್ರಿಗೆ ಇಳಿದರೆ ಒಂದೊಂದಕ್ಕೂ ಪೂರ್ತಿ ತೂಕ. ಹೈಡ್ರಾದ ಮೇಲೆ ಬರೆದ 12 ಟನ್ ಬೂಮ್ ಹತ್ತಿರವಿದ್ದಾಗಿನ ಮಾತು. ಕಾಂಪೌಂಡ್ ಆಚೆಯಿಂದ ಬೂಮ್ ಚಾಚಿದರೆ ಆ ಶಕ್ತಿ ಎಷ್ಟೋ ಪಾಲು ಇಳಿಯುತ್ತದೆ, ಕ್ಯಾಬಿನ್‌ನ ಲೋಡ್ ಚಾರ್ಟ್ ಕೇಳಿ ನೋಡಬೇಕು.

ತುಮಕೂರು ರಸ್ತೆಯ ವೇಬ್ರಿಡ್ಜ್‌ನಲ್ಲಿ ಖಾಲಿ ಕ್ಯಾಂಟರ್ ಒಮ್ಮೆ, ಹಲ್ ಹೇರಿ ಒಮ್ಮೆ ತೂಗಿಸಬೇಕು. ಎರಡೂ ಸಲ ಅದೇ ವೇಬ್ರಿಡ್ಜ್, ನಡುವೆ ಡೀಸೆಲ್ ಹಾಕಿಸಬಾರದು, ಡ್ರೈವರ್ ಎರಡೂ ಸಲ ಒಳಗೋ ಹೊರಗೋ ಒಂದೇ ಕಡೆ. ಅಂಕಿ ಹತ್ತತ್ತು ಕೆಜಿಯಾಗಿ ಏರುವ ಯಂತ್ರವಾದರೆ 1,190 ಬಂದರೂ 1,200 ಬಂದರೂ ಒಂದೇ. ಬರಬಹುದಾದ ಗರಿಷ್ಠಕ್ಕೆ ಜಾಗ ಬಿಟ್ಟು ಹೈಡ್ರಾದವನಿಗೆ ಹೇಳಿರುವುದು ಒಂದೂವರೆ ಟನ್.